ಕೇಸ್ ಹಾಕಿದ್ದು ರಾಜಕೀಯಕ್ಕೆ, ಆದರೆ ಆರೋಪ ನಿಜ: ಎರಡೂ ಒಟ್ಟಿಗೆ ಇರಬಹುದಾ?

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ ಅಪ್ಪ ಒಂದು ಪಕ್ಷ, ನಾನು ಇನ್ನೊಂದು. ಯಾವ ನಾಯಕರ ಮೇಲೆ ಕೇಸ್ ಬಿದ್ದರೂ ಒಬ್ಬರು ‘ಇದು ಸೇಡಿನ ರಾಜಕಾರಣ’ ಅಂತೀವಿ, ಇನ್ನೊಬ್ಬರು ‘ಕಾನೂನು ತನ್ನ ಕೆಲಸ ಮಾಡ್ತಿದೆ’ ಅಂತೀವಿ. ಆರೋಪಿಯ ಪಕ್ಷ ಬದಲಾದರೆ ನಮ್ಮ ಮಾತೂ ಅದಲುಬದಲು. ಇದು ನನಗೇ ಬೇಸರ ತಂದಿದೆ. ಕಾನೂನು ಓದದವರು ಯಾವುದನ್ನು ನಂಬಬೇಕು, ಹೇಗೆ ತೂಗಿ ನೋಡಬೇಕು? ಆರೋಪ ಬಂದ ಕೂಡಲೇ ರಾಜೀನಾಮೆ ಕೇಳುವುದು ಸರಿಯಾ?

ಉತ್ತರ: ನಿಮ್ಮ ಜಗಳದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಗಂಟು ಬಿದ್ದಿವೆ. ಮೊದಲನೆಯದು, ಈ ಕೇಸನ್ನು ಯಾರು ಹಾಕಿದರು, ಈಗಲೇ ಯಾಕೆ ಹಾಕಿದರು? ಎರಡನೆಯದು, ಆ ವ್ಯಕ್ತಿ ನಿಜವಾಗಿ ತಪ್ಪು ಮಾಡಿದ್ದಾರಾ? ಮೊದಲನೆಯದಕ್ಕೆ ಉತ್ತರ ಸಿಕ್ಕಿದರೆ ಎರಡನೆಯದೂ ಮುಗಿಯಿತು ಅಂತ ಎರಡೂ ಕಡೆಯವರು ನಂಬಿಸುತ್ತಾರೆ. ‘ವಿರೋಧಿಗಳು ಹಾಕಿಸಿದ ಕೇಸು, ಹಾಗಾಗಿ ಸುಳ್ಳು’ ಎನ್ನುವುದು ಒಂದು ಕಡೆಯವರ ವಾದ. ‘ಕೇಸ್ ಆಗಿದೆ ಅಂದರೆ ಏನೋ ಇರಲೇಬೇಕು’ ಎನ್ನುವುದು ಇನ್ನೊಂದು ಕಡೆಯವರದು. ಎರಡೂ ತಪ್ಪು. ರಾಜಕೀಯ ದುರುದ್ದೇಶದಿಂದ ಹಾಕಿದ ಕೇಸು ಪೂರ್ತಿ ನಿಜವಾಗಿರಬಹುದು. ಒಳ್ಳೆಯ ಉದ್ದೇಶದಿಂದ ಹಾಕಿದ ಕೇಸು ಕೋರ್ಟಿನಲ್ಲಿ ಒಂದು ದಿನವೂ ನಿಲ್ಲದೆ ಹೋಗಬಹುದು.

ಮಾತು ಅದಲುಬದಲಾಗುವುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಜೋಡಿ ಉದಾಹರಣೆ ಇದೆ. 2011ರ ಜನವರಿ 21ರಂದು ಆಗಿನ ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಅವರು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರ ವಿರುದ್ಧ ಮೊಕದ್ದಮೆಗೆ ಅನುಮತಿ ಕೊಟ್ಟರು. ಮರುದಿನವೇ ಬಿಜೆಪಿ ರಾಜ್ಯ ಬಂದ್ ಮಾಡಿತು. ರಾಜ್ಯಪಾಲರು ಕೇಂದ್ರದ ಏಜೆಂಟ್ ಎಂದು ಆ ಪಕ್ಷ ಹೇಳಿತು. ಕಾಂಗ್ರೆಸ್ಸಿಗೆ ಅದು ಸಂವಿಧಾನದ ಕೆಲಸವಾಗಿ ಕಂಡಿತು. 2024ರ ಆಗಸ್ಟ್‌ನಲ್ಲಿ ರಾಜ್ಯಪಾಲ ಥಾವರಚಂದ್ ಗೆಹಲೋತ್ ಅವರು ಮುಡಾ ನಿವೇಶನದ ವಿಷಯದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ವಿರುದ್ಧ ಅನುಮತಿ ಕೊಟ್ಟರು. ಈ ಸಲ ಬೀದಿಗಿಳಿದದ್ದು ಕಾಂಗ್ರೆಸ್. ರಾಜ್ಯಪಾಲರು ಕೇಂದ್ರದ ಏಜೆಂಟ್ ಎಂದದ್ದೂ ಕಾಂಗ್ರೆಸ್. ಬಿಜೆಪಿಗೆ ಅದು ಸಂವಿಧಾನದ ಕೆಲಸವಾಯಿತು. ಅದೇ ರಾಜಭವನ, ಹೆಚ್ಚುಕಮ್ಮಿ ಅದೇ ಮಾತು, ಬಾಯಿ ಮಾತ್ರ ಬೇರೆ. ಹಾಗಾಗಿ ಒಂದು ಪಕ್ಷ ಏನು ಹೇಳುತ್ತಿದೆ ಎನ್ನುವುದರಿಂದ ನಿಮಗೆ ಗೊತ್ತಾಗುವುದು ಆರೋಪಿ ಆ ಪಕ್ಷಕ್ಕೆ ಸೇರಿದವರಾ ಅಲ್ಲವಾ ಎನ್ನುವುದು ಮಾತ್ರ.

ಉದ್ದೇಶ ಬೇರೆ, ಸತ್ಯ ಬೇರೆ ಎನ್ನುವುದಕ್ಕೆ ನಾನು ಯಾವಾಗಲೂ ಹೇಳುವುದು ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ. ಅದು ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಕೇಸಿನ ಹುಟ್ಟು ಪೂರ್ತಿ ರಾಜಕೀಯ. 1996ರಲ್ಲಿ ದೂರು ಕೊಟ್ಟವರು ಸುಬ್ರಮಣಿಯನ್ ಸ್ವಾಮಿ, ಅವರ ಕಟ್ಟಾ ವಿರೋಧಿ. ಎಫ್‌ಐಆರ್ ಆದದ್ದು ಡಿಎಂಕೆ ಸರ್ಕಾರದ ಕಾಲದಲ್ಲಿ, ಅಂದರೆ ಇನ್ನೊಬ್ಬ ಕಟ್ಟಾ ವಿರೋಧಿ ಅಧಿಕಾರದಲ್ಲಿದ್ದಾಗ. ಸೇಡಿನ ರಾಜಕಾರಣ ಅನ್ನುವುದಕ್ಕೆ ಇದಕ್ಕಿಂತ ಜಾಸ್ತಿ ಏನು ಬೇಕು? 2001ರಲ್ಲಿ ಜಯಲಲಿತಾ ಮತ್ತೆ ಅಧಿಕಾರಕ್ಕೆ ಬಂದರು. ಆಮೇಲೆ ನಡೆದದ್ದನ್ನು ಗಮನಿಸಿ. ಆಗಲೇ ಸಾಕ್ಷಿ ಹೇಳಿ ಹೋಗಿದ್ದ 76 ಜನರನ್ನು ಮತ್ತೆ ಕರೆಸಲಾಯಿತು. ಅವರಲ್ಲಿ 64 ಮಂದಿ ತಮ್ಮ ಹಿಂದಿನ ಹೇಳಿಕೆಯಿಂದ ಹಿಂದೆ ಸರಿದರು. ಸರ್ಕಾರಿ ವಕೀಲರು ಅವರಿಗೆ ಸರಿಯಾಗಿ ಪಾಟೀಸವಾಲು ಕೂಡ ಹಾಕಲಿಲ್ಲ. ಡಿಎಂಕೆಯ ಕೆ. ಅನ್ಬಳಗನ್ ಸುಪ್ರೀಂ ಕೋರ್ಟಿಗೆ ಹೋದರು. ಅವರೂ ರಾಜಕೀಯ ವಿರೋಧಿಯೇ, ಅವರ ಉದ್ದೇಶವೂ ರಾಜಕೀಯವೇ. ಆದರೆ ಕೋರ್ಟು ಅರ್ಜಿದಾರರ ಪಕ್ಷವನ್ನು ನೋಡಲಿಲ್ಲ, ತಿರುಗಿಬಿದ್ದ ಸಾಕ್ಷಿಗಳ ಲೆಕ್ಕ ನೋಡಿತು. 2003ರ ನವೆಂಬರ್‌ನಲ್ಲಿ ಕೇಸನ್ನು ಕರ್ನಾಟಕಕ್ಕೆ ವರ್ಗಾಯಿಸಿತು.

2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಧೀಶ ಜಾನ್ ಮೈಕಲ್ ಡಿಕುನ್ಹಾ ಅವರು ನಾಲ್ಕು ವರ್ಷ ಜೈಲು, 100 ಕೋಟಿ ರೂಪಾಯಿ ದಂಡ ವಿಧಿಸಿದರು. 2015ರ ಮೇ 11ರಂದು ಹೈಕೋರ್ಟ್ ಎಲ್ಲರನ್ನೂ ಖುಲಾಸೆ ಮಾಡಿತು. ಆ ತೀರ್ಪಿನ ತಿರುಳು ಒಂದು ಲೆಕ್ಕ: ಆದಾಯಕ್ಕಿಂತ ಹೆಚ್ಚಿನ ಆಸ್ತಿ ಶೇ 8.12 ಮಾತ್ರ, ಶೇ 10ರ ಒಳಗಿದ್ದರೆ ಅಪರಾಧವಲ್ಲ. ಆದರೆ ಬ್ಯಾಂಕ್ ಸಾಲಗಳ ಪಟ್ಟಿ ಕೂಡಿದಲ್ಲಿ ಎಡವಟ್ಟಾಗಿತ್ತು. ತೀರ್ಪಿನಲ್ಲಿ ಮೊತ್ತ 24,17,31,274 ರೂಪಾಯಿ ಅಂತ ಇತ್ತು. ಅದೇ ಪಟ್ಟಿಯನ್ನು ಕೂಡಿದರೆ ಬರುವುದು 10,67,31,274. ಹದಿಮೂರೂವರೆ ಕೋಟಿ ಹೆಚ್ಚಾಗಿತ್ತು. ಅಷ್ಟನ್ನು ಆದಾಯದಿಂದ ಕಳೆದರೆ ಹೈಕೋರ್ಟಿನದೇ ಉಳಿದ ಅಂಕಿಗಳ ಪ್ರಕಾರ ಶೇ 8 ಹೋಗಿ ಶೇ 76 ದಾಟುತ್ತಿತ್ತು. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ವಿಚಾರಣಾ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು. ಸಹ ಆರೋಪಿಯಾಗಿದ್ದ ಶಶಿಕಲಾ ಅವರು ಪರಪ್ಪನ ಅಗ್ರಹಾರ ಜೈಲಿಗೆ ಬಂದರು.

ದೂರು ಕೊಟ್ಟವರಿಂದ ಹಿಡಿದು ವರ್ಗಾವಣೆ ಕೇಳಿದವರವರೆಗೆ ಎಲ್ಲರೂ ವಿರೋಧಿಗಳೇ. ಕೇಸು ಮಾತ್ರ ನಿಂತಿತು. ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ವಿರೋಧಿಗಳಿಗೆ ಆ ಹಟ ಇರದಿದ್ದರೆ ಆ ಕೇಸು ತಣ್ಣಗೆ ಮುಗಿದುಹೋಗುತ್ತಿತ್ತು. ಬಲಾಢ್ಯ ರಾಜಕಾರಣಿಯ ವಿರುದ್ಧ ಇಪ್ಪತ್ತು ವರ್ಷ ಕೋರ್ಟು ಅಲೆಯುವ ಶಕ್ತಿ, ದುಡ್ಡು, ಕಾರಣ ಸಾಮಾನ್ಯವಾಗಿ ಇನ್ನೊಬ್ಬ ರಾಜಕಾರಣಿಗೇ ಇರುವುದು. ಹಾಗಾಗಿ ‘ದೂರುದಾರ ವಿರೋಧ ಪಕ್ಷದವನು’ ಎನ್ನುವುದನ್ನು ನಾನು ವಾದವಾಗಿ ಒಪ್ಪುವುದಿಲ್ಲ.

ಇದಕ್ಕೆ ಉಲ್ಟಾ ಇರುವ ಕೇಸುಗಳೂ ಬೇಕಾದಷ್ಟಿವೆ. 2ಜಿ ಮೊಬೈಲ್ ತರಂಗಾಂತರ ಹಗರಣದಲ್ಲಿ 1.76 ಲಕ್ಷ ಕೋಟಿ ನಷ್ಟ ಎಂಬ ಮಹಾಲೇಖಪಾಲರ (ಸಿಎಜಿ) ಅಂದಾಜು ಮನೆಮಾತಾಯಿತು. 2012ರಲ್ಲಿ ಸುಪ್ರೀಂ ಕೋರ್ಟ್ 122 ಲೈಸೆನ್ಸುಗಳನ್ನು ರದ್ದು ಮಾಡಿತು. 2011ರಲ್ಲಿ ಟೆಲಿಕಾಂ ಸಚಿವರಾಗಿದ್ದ ಎ. ರಾಜಾ ಅವರನ್ನು ಬಂಧಿಸಿದಾಗ ಅಧಿಕಾರದಲ್ಲಿದ್ದದ್ದು ಅವರದೇ ಮೈತ್ರಿಕೂಟ. ಸೇಡು ಅನ್ನಲು ಜಾಗವೇ ಇರಲಿಲ್ಲ. ಆದರೂ 2017ರ ಡಿಸೆಂಬರ್ 21ರಂದು ವಿಶೇಷ ನ್ಯಾಯಾಧೀಶ ಒ.ಪಿ. ಸೈನಿ ಎಲ್ಲರನ್ನೂ ಖುಲಾಸೆ ಮಾಡಿದರು. ಸುಮಾರು ಏಳು ವರ್ಷ, ಬೇಸಿಗೆ ರಜೆಯನ್ನೂ ಬಿಡದೆ, ದಿನವೂ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಕೂತು ಕಾದರೂ ಕಾನೂನು ಒಪ್ಪುವ ಸಾಕ್ಷ್ಯ ತರುವವರು ಯಾರೂ ಬರಲಿಲ್ಲ ಎಂದು ತೀರ್ಪಿನಲ್ಲೇ ಬರೆದರು. ಲೈಸೆನ್ಸ್ ಹಂಚಿದ ರೀತಿ ತಪ್ಪು ಎನ್ನುವುದು ಒಂದು ತೀರ್ಮಾನ. ಲಂಚ ತೆಗೆದುಕೊಂಡರು ಎಂದು ಸಾಬೀತಾಗುವುದು ಇನ್ನೊಂದು. ಇವೆರಡರ ನಡುವಿನ ಅಂತರವನ್ನು ಟಿವಿ ಯಾವತ್ತೂ ತೋರಿಸುವುದಿಲ್ಲ. ಇದರ ವಿರುದ್ಧ ಸಿಬಿಐ ಸಲ್ಲಿಸಿದ ಮೇಲ್ಮನವಿಯನ್ನು ದೆಹಲಿ ಹೈಕೋರ್ಟ್ ವಿಚಾರಣೆಗೆ ತೆಗೆದುಕೊಂಡಿದೆ.

ಸರಿ, ಕಾನೂನು ಓದದವರು ಏನನ್ನು ನೋಡಬೇಕು? ಮೊದಲು ಕೇಸು ಯಾವ ಮೆಟ್ಟಿಲಲ್ಲಿದೆ ಅಂತ ಕೇಳಿ. ‘ಕೇಸ್ ಬಿದ್ದಿದೆ’ ಎಂಬ ಒಂದೇ ಮಾತಿನಲ್ಲಿ ಬೇರೆ ಬೇರೆ ಸ್ಥಿತಿಗಳು ಅಡಗಿರುತ್ತವೆ. ಎಫ್‌ಐಆರ್ ಅಂದರೆ ದೂರು ದಾಖಲಾಗಿದೆ, ಅಷ್ಟೇ. ಗಂಭೀರ ಅಪರಾಧದ ಮಾಹಿತಿ ಬಂದರೆ ಪೊಲೀಸರು ಅದನ್ನು ದಾಖಲಿಸಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದರಿಂದ ಯಾರೂ ಕಳ್ಳರಾಗುವುದಿಲ್ಲ. ತನಿಖೆ ಮುಗಿದ ಮೇಲೆ ಪೊಲೀಸರು ಚಾರ್ಜ್‌ಶೀಟ್ ಹಾಕುತ್ತಾರೆ, ಇಲ್ಲವೇ ಸಾಕ್ಷ್ಯ ಇಲ್ಲ ಎಂದು ಬಿ ರಿಪೋರ್ಟ್ ಹಾಕುತ್ತಾರೆ. ಚಾರ್ಜ್‌ಶೀಟ್ ಕೂಡ ಪೊಲೀಸರ ಅಭಿಪ್ರಾಯವೇ. ಆಮೇಲೆ ನ್ಯಾಯಾಧೀಶರು ಅದನ್ನು ಓದಿ ಆರೋಪ ನಿಗದಿ ಮಾಡುತ್ತಾರೆ ಅಥವಾ ಆರೋಪಿಯನ್ನು ಬಿಟ್ಟುಬಿಡುತ್ತಾರೆ. ಪೊಲೀಸರಲ್ಲದ, ಪಕ್ಷದವರಲ್ಲದ ಒಬ್ಬರು ಕಾಗದ ನೋಡಿ ‘ವಿಚಾರಣೆ ನಡೆಸುವಷ್ಟು ಇಲ್ಲಿದೆ’ ಅನ್ನುವುದು ಇದೇ ಮೊದಲು. ನನ್ನ ಮಟ್ಟಿಗೆ ಗಂಭೀರವಾಗಿ ತೆಗೆದುಕೊಳ್ಳಬೇಕಾದ ಮೊದಲ ಸುದ್ದಿ ಇದು. ಪತ್ರಿಕೆಗಳಲ್ಲಿ ಇದು ಒಳಪುಟದ ಮೂಲೆಯಲ್ಲಿರುತ್ತದೆ. ಎಫ್‌ಐಆರ್ ಮಾತ್ರ ಮುಖಪುಟದಲ್ಲಿರುತ್ತದೆ.

ಎರಡನೆಯದಾಗಿ, ಆರೋಪ ಯಾವುದರ ಮೇಲೆ ನಿಂತಿದೆ ನೋಡಿ. ಬ್ಯಾಂಕ್ ವ್ಯವಹಾರ, ನೋಂದಣಿಯಾದ ಕ್ರಯಪತ್ರ, ಕಡತದ ಮೇಲಿನ ಸಹಿ, ವಿಧಿವಿಜ್ಞಾನ ವರದಿ, ಸರಿಯಾಗಿ ಮಾಡಿದ ಮಹಜರು ಇವೆಲ್ಲ ಸರ್ಕಾರ ಬದಲಾದರೂ ಬದಲಾಗುವುದಿಲ್ಲ. ಬರೀ ಬಾಯಿ ಮಾತಿನ ಸಾಕ್ಷಿ, ಅದರಲ್ಲೂ ತಾನೂ ಆರೋಪಿಯಾಗಿದ್ದು ಮಾಫಿಸಾಕ್ಷಿಯಾದವರ ಹೇಳಿಕೆ, ಅಷ್ಟು ಗಟ್ಟಿಯಲ್ಲ. 1996ರ ಜೈನ್ ಹವಾಲಾ ಪ್ರಕರಣವನ್ನೇ ನೋಡಿ. ಹಲವು ಪಕ್ಷಗಳ ನಾಯಕರ ಮೇಲೆ ಆರೋಪ ಬಂದದ್ದು ಡೈರಿ ಮತ್ತು ಬಿಡಿ ಹಾಳೆಗಳಲ್ಲಿದ್ದ ಬರಹದಿಂದ. ಬಿಡಿ ಹಾಳೆ ಲೆಕ್ಕದ ಪುಸ್ತಕ ಅಲ್ಲ, ಬರೀ ಬರಹದಿಂದ ಯಾರ ಮೇಲೂ ಹೊಣೆ ಹೊರಿಸಲಾಗದು ಎಂದು 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಹಾಸನದ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ ಅವರ ಪ್ರಕರಣದಲ್ಲಿ ಇದು ಬಹಳ ನೋವಿನಿಂದ ಗೊತ್ತಾಯಿತು. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್ ಹಂಚಿದವರು ಯಾರು, ಲಾಭ ಯಾರಿಗೆ ಎಂಬುದೇ ದೊಡ್ಡ ಗಲಾಟೆಯಾಯಿತು. ಹಂಚಿದ್ದು ಆ ಹೆಣ್ಣುಮಕ್ಕಳ ಮೇಲಿನ ಇನ್ನೊಂದು ದೌರ್ಜನ್ಯ, ಅದಕ್ಕೂ ಶಿಕ್ಷೆ ಆಗಬೇಕು. ಆದರೆ ಆ ಪ್ರಶ್ನೆಗೆ ಏನೇ ಉತ್ತರ ಬಂದರೂ ಅತ್ಯಾಚಾರದ ಆರೋಪ ಅದರಿಂದ ಹಗುರವಾಗುವುದಿಲ್ಲ, ಭಾರವೂ ಆಗುವುದಿಲ್ಲ. ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಸಂತ್ರಸ್ತೆಯ ಹೇಳಿಕೆ ಮತ್ತು ವಿಧಿವಿಜ್ಞಾನದ ಸಾಕ್ಷ್ಯ ನೋಡಿ 2025ರ ಆಗಸ್ಟ್‌ನಲ್ಲಿ ಪ್ರಜ್ವಲ್ ರೇವಣ್ಣ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿಯ ದಾರಿ ಅವರಿಗೂ ಇದೆ. ಪೆನ್‌ಡ್ರೈವ್ ರಾಜಕಾರಣದ ಗಲಾಟೆಯಲ್ಲಿ ದೂರು ಕೊಟ್ಟ ಆ ಹೆಣ್ಣುಮಗಳ ಮಾತು ಎಷ್ಟು ಜನರಿಗೆ ಕೇಳಿಸಿತು ಎಂದು ಯೋಚಿಸಿದರೆ ಇವತ್ತಿಗೂ ಸಂಕಟವಾಗುತ್ತದೆ.

ಈಗ ನಾನು ಮುಖ್ಯವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ರಾಜಕೀಯ ಹಸ್ತಕ್ಷೇಪ ಹಿಡಿಯಬೇಕಾದರೆ ಬಂಧನದ ದಿನ ನೋಡಿ ಪ್ರಯೋಜನ ಕಡಿಮೆ. ಆ ದಿನ ಎಲ್ಲರ ಕಣ್ಣೂ ಅಲ್ಲೇ ಇರುತ್ತದೆ. ಸದ್ದಿಲ್ಲದ ದಿನಗಳನ್ನು ನೋಡಿ. ಅನುಮತಿಯ ಕಡತ ಎಷ್ಟು ತಿಂಗಳು ಕೂತಿತು? ತನಿಖಾಧಿಕಾರಿಯ ವರ್ಗಾವಣೆ ಯಾವಾಗ ಆಯಿತು? ಖುಲಾಸೆಯಾದ ಮೇಲೆ ಸರ್ಕಾರ ಮೇಲ್ಮನವಿ ಹಾಕಿತಾ? ಎಲ್ಲಕ್ಕಿಂತ ಹೆಚ್ಚಾಗಿ, ಕೇಸು ವಾಪಸ್ ಪಡೆದದ್ದು ಯಾರು?

ಕೇಸು ವಾಪಸ್ ಪಡೆಯುವುದರಲ್ಲಿ ನಮ್ಮ ಪಕ್ಷಗಳು ಎಷ್ಟು ಒಂದೇ ಥರ ಅನ್ನುವುದು ಕಾಣುತ್ತದೆ. 2020ರ ಆಗಸ್ಟ್ 31ರಂದು ಆಗಿನ ಬಿಜೆಪಿ ಸರ್ಕಾರ 61 ಕೇಸು ವಾಪಸ್ ಪಡೆಯಲು ಆದೇಶ ಮಾಡಿತು. ಅವುಗಳಲ್ಲಿ ಜನಪ್ರತಿನಿಧಿಗಳ ಮೇಲಿನ ಕೇಸುಗಳೂ ಇದ್ದವು. ಅದೇ ಡಿಸೆಂಬರ್‌ನಲ್ಲಿ ಹೈಕೋರ್ಟ್ ತಡೆ ಹಾಕಿತು. 2024ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಸರ್ಕಾರ 43 ಕೇಸು ವಾಪಸ್ ಪಡೆಯಲು ಆದೇಶ ಮಾಡಿತು. ಹಳೇ ಹುಬ್ಬಳ್ಳಿ ಗಲಭೆಯ ಕೇಸೂ ಅದರಲ್ಲಿತ್ತು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನೂ ರದ್ದು ಮಾಡಿತು. ಕೇರಳದಲ್ಲಿ ಎಡರಂಗದ ಸರ್ಕಾರ, 2015ರಲ್ಲಿ ವಿಧಾನಸಭೆಯೊಳಗೆ ಮೈಕು, ಕುರ್ಚಿ ಮುರಿದ ತನ್ನದೇ ಶಾಸಕರ ಕೇಸು ವಾಪಸ್ ಪಡೆಯಲು ಹೊರಟಿತು. 2021ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮುಂದಿನ ತಿಂಗಳೇ ಇನ್ನೊಂದು ಆದೇಶ ಬಂತು: ಹಾಲಿ ಅಥವಾ ಮಾಜಿ ಸಂಸದ, ಶಾಸಕರ ಕೇಸನ್ನು ಹೈಕೋರ್ಟಿನ ಅನುಮತಿ ಇಲ್ಲದೆ ವಾಪಸ್ ಪಡೆಯುವಂತಿಲ್ಲ. ಇದು ಸಣ್ಣ ಆದೇಶವಲ್ಲ. ‘ಸೇಡು’ ಎಂದು ಕೂಗುವವರು ಅಧಿಕಾರಕ್ಕೆ ಬಂದ ಮೇಲೆ ಮಾಡುವ ಮೊದಲ ಕೆಲಸಕ್ಕೇ ಅದು ಬೀಗ ಹಾಕಿತು.

ಸಿಬಿಐ ತನಿಖೆಗೆ ರಾಜ್ಯ ಸರ್ಕಾರ ಕೊಡುವ ಒಪ್ಪಿಗೆಯದ್ದೂ ಇದೇ ಕಥೆ. ಡಿ.ಕೆ. ಶಿವಕುಮಾರ್ ಅವರ ಆಸ್ತಿ ಪ್ರಕರಣದಲ್ಲಿ 2019ರಲ್ಲಿ ಬಿಜೆಪಿ ಸರ್ಕಾರ ಒಪ್ಪಿಗೆ ಕೊಟ್ಟಿತು. 2023ರ ನವೆಂಬರ್‌ನಲ್ಲಿ ಕಾಂಗ್ರೆಸ್ ಸಂಪುಟ ಅದನ್ನು ವಾಪಸ್ ಪಡೆಯಿತು. ನಾಲ್ಕು ವರ್ಷದಲ್ಲಿ ಕಡತದೊಳಗಿನ ಕಾಗದ ಬದಲಾಗಿತ್ತಾ, ಇಲ್ಲಾ ವಿಧಾನಸೌಧದ ಕುರ್ಚಿ ಬದಲಾಗಿತ್ತಾ? ಈ ಪ್ರಶ್ನೆಯನ್ನು ಎರಡೂ ಸರ್ಕಾರಗಳಿಗೆ ಒಂದೇ ಗಟ್ಟಿದನಿಯಲ್ಲಿ ಕೇಳಬೇಕು.

ಕೇಂದ್ರದ ಸಂಸ್ಥೆಗಳ ವಿಷಯದಲ್ಲಿ ವಿರೋಧ ಪಕ್ಷಗಳ ದೂರಿಗೆ ಗಟ್ಟಿ ಆಧಾರ ಇದೆ ಎಂದೇ ನನ್ನ ಅಭಿಪ್ರಾಯ. 2015ರಿಂದ 2025ರ ಫೆಬ್ರುವರಿವರೆಗೆ ಸಂಸದರು, ಶಾಸಕರು ಮತ್ತಿತರ ರಾಜಕಾರಣಿಗಳ ಮೇಲೆ ಜಾರಿ ನಿರ್ದೇಶನಾಲಯ (ಇ.ಡಿ.) 193 ಕೇಸು ದಾಖಲಿಸಿತ್ತು, ಶಿಕ್ಷೆಯಾದದ್ದು ಎರಡರಲ್ಲಿ. ಇದನ್ನು ರಾಜ್ಯಸಭೆಗೆ ತಿಳಿಸಿದ್ದು ಸರ್ಕಾರವೇ. ಉಳಿದವರೆಲ್ಲ ನಿರಪರಾಧಿಗಳು ಅಂತ ಇದರ ಅರ್ಥವಲ್ಲ, ಹೆಚ್ಚಿನ ಕೇಸುಗಳ ವಿಚಾರಣೆಯೇ ಮುಗಿದಿಲ್ಲ. ತೊಂದರೆ ಇರುವುದು ಅಲ್ಲೇ. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಜಾಮೀನು ಬೇಕಾದರೆ ಆರೋಪಿ ತಪ್ಪಿತಸ್ಥ ಅಲ್ಲ ಎಂದು ಕೋರ್ಟಿಗೆ ಮೇಲ್ನೋಟಕ್ಕಾದರೂ ಅನಿಸಬೇಕು. ವಿಚಾರಣೆ ಶುರುವಾಗುವ ಮೊದಲೇ ಜೈಲುವಾಸ ಶಿಕ್ಷೆಯ ರೂಪ ಪಡೆಯುತ್ತದೆ. ದೆಹಲಿಯ ಉಪಮುಖ್ಯಮಂತ್ರಿಯಾಗಿದ್ದ ಮನೀಶ್ ಸಿಸೋಡಿಯಾ ಅವರು ವಿಚಾರಣೆ ಆರಂಭವಾಗದೆಯೇ 17 ತಿಂಗಳು ಒಳಗಿದ್ದರು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟದ್ದೇ ಈ ವಿಳಂಬವನ್ನು ನೋಡಿ. 2014ರ ನಂತರ ತನಿಖೆ ಎದುರಿಸುತ್ತಿದ್ದ 25 ವಿರೋಧ ಪಕ್ಷದ ನಾಯಕರು ಬಿಜೆಪಿ ಕಡೆ ಬಂದ ಮೇಲೆ 23 ಮಂದಿಗೆ ಒಂದಲ್ಲ ಒಂದು ರೀತಿ ನಿರಾಳವಾಯಿತು ಎಂದು ಇಂಡಿಯನ್ ಎಕ್ಸ್‌ಪ್ರೆಸ್ 2024ರಲ್ಲಿ ವರದಿ ಮಾಡಿತು. ಕೇಸು ಹಾಕಿದ್ದಕ್ಕಿಂತ ಇದು ನನಗೆ ಜಾಸ್ತಿ ಗಂಭೀರ. ಯಾಕೆಂದರೆ ಆರೋಪ ನಿಜವಾಗಿದ್ದರೆ ಪಕ್ಷ ಬದಲಿಸಿದಾಗ ತನಿಖೆ ನಿಲ್ಲಬಾರದಿತ್ತು, ಸುಳ್ಳಾಗಿದ್ದರೆ ಮೊದಲೇ ಶುರುವಾಗಬಾರದಿತ್ತು. ಹಾಗಂತ ಇದು 2014ರಲ್ಲಿ ಹುಟ್ಟಿದ ರೋಗವೂ ಅಲ್ಲ. ಸಿಬಿಐಯನ್ನು ಸುಪ್ರೀಂ ಕೋರ್ಟ್ ಪಂಜರದ ಗಿಳಿ ಎಂದದ್ದು 2013ರಲ್ಲಿ, ಯುಪಿಎ ಕಾಲದ ಕಲ್ಲಿದ್ದಲು ಪ್ರಕರಣದಲ್ಲಿ.

ಇನ್ನು ರಾಜೀನಾಮೆಯ ಪ್ರಶ್ನೆ. ಈಗಿನ ಕಾನೂನಿನಲ್ಲಿ ಸ್ಥಾನ ಹೋಗುವುದು ಶಿಕ್ಷೆಯಾದಾಗ. ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾದರೆ ಶಾಸಕತ್ವ ಹೋಗುತ್ತದೆ, ಭ್ರಷ್ಟಾಚಾರದಂಥ ಕೆಲವು ಅಪರಾಧಗಳಲ್ಲಿ ಬರೀ ದಂಡ ಬಿದ್ದರೂ ಸಾಕು. ಮೇಲ್ಮನವಿ ಹಾಕಿ ಕುರ್ಚಿ ಉಳಿಸಿಕೊಳ್ಳುವ ಅವಕಾಶವನ್ನು 2013ರ ಲಿಲಿ ಥಾಮಸ್ ತೀರ್ಪು ತೆಗೆದುಹಾಕಿತು. ಈ ಎರಡು ವರ್ಷದ ಗೆರೆ ಎಷ್ಟು ಸೂಕ್ಷ್ಮ ಎನ್ನುವುದು ರಾಹುಲ್ ಗಾಂಧಿ ಪ್ರಕರಣದಲ್ಲಿ ಕಂಡಿತು. 2019ರಲ್ಲಿ ಕೋಲಾರದಲ್ಲಿ ಆಡಿದ ಮಾತಿಗೆ 2023ರಲ್ಲಿ ಸೂರತ್‌ನ ಕೋರ್ಟ್ ಮಾನನಷ್ಟದ ಗರಿಷ್ಠ ಶಿಕ್ಷೆಯಾದ ಎರಡು ವರ್ಷ ಕೊಟ್ಟಿತು. ಒಂದೇ ಒಂದು ದಿನ ಕಡಿಮೆ ಇದ್ದಿದ್ದರೂ ಸದಸ್ಯತ್ವ ಹೋಗುತ್ತಿರಲಿಲ್ಲ, ಗರಿಷ್ಠ ಶಿಕ್ಷೆಗೆ ಕಾರಣವನ್ನೇ ಕೊಟ್ಟಿಲ್ಲ ಎಂದು ಹೇಳಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ಬಂಧನವನ್ನೇ ಅಳತೆಗೋಲು ಮಾಡುವುದನ್ನು ನಾನು ಒಪ್ಪುವುದಿಲ್ಲ. 2025ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ 130ನೇ ತಿದ್ದುಪಡಿ ಮಸೂದೆ ಅದನ್ನೇ ಮಾಡುತ್ತದೆ. ಐದು ವರ್ಷ ಅಥವಾ ಹೆಚ್ಚು ಶಿಕ್ಷೆ ಇರುವ ಆರೋಪದಲ್ಲಿ ಸತತ 30 ದಿನ ಬಂಧನದಲ್ಲಿದ್ದರೆ ಮುಖ್ಯಮಂತ್ರಿಯಾಗಲಿ, ಪ್ರಧಾನಿಯಾಗಲಿ ಹುದ್ದೆ ಬಿಡಬೇಕು. ಬಂಧಿಸುವ ಅಧಿಕಾರ ಇರುವುದು ಸರ್ಕಾರದ ಕೈಕೆಳಗಿನ ಸಂಸ್ಥೆಗೆ. ಜಾಮೀನು ಸಿಗದಂಥ ಕಾಯ್ದೆಯೂ ಅವರ ಕೈಯಲ್ಲೇ ಇದೆ. ಎದುರಾಳಿ ಸರ್ಕಾರ ಬೀಳಿಸಲು ಅಷ್ಟು ಸಾಕಲ್ವಾ? ಕಾನೂನು ಆಯೋಗ 2014ರಲ್ಲಿ, 244ನೇ ವರದಿಯಲ್ಲಿ, ಇದಕ್ಕಿಂತ ಒಳ್ಳೆಯ ದಾರಿ ತೋರಿಸಿತ್ತು. ಐದು ವರ್ಷ ಅಥವಾ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧದಲ್ಲಿ ನ್ಯಾಯಾಧೀಶರು ಆರೋಪ ನಿಗದಿ ಮಾಡಿದರೆ ಅನರ್ಹತೆ ಬರಲಿ, ಆದರೆ ನಾಮಪತ್ರ ಪರಿಶೀಲನೆಯ ಹಿಂದಿನ ಒಂದು ವರ್ಷದೊಳಗಿನ ಆರೋಪಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇಡ ಎಂದಿತು. ಚುನಾವಣೆ ಹೊತ್ತಿಗೆ ಸುಮ್ನೆ ಕೇಸು ಜಡಿಯುವವರನ್ನು ತಡೆಯಲೆಂದೇ ಆ ಷರತ್ತು.

ಹಾಗಾಗಿ ನನ್ನ ಉತ್ತರ ಇಷ್ಟು: ಎಫ್‌ಐಆರ್ ಆದಾಗ ರಾಜೀನಾಮೆ ಕೇಳಬೇಡಿ, ಆರೋಪ ನಿಗದಿಯಾದಾಗ ಕೇಳಿ. ಆದರೆ ಆರೋಪಿಯ ಕೈಯಲ್ಲೇ ತನಿಖೆ ಮಾಡುವ ಪೊಲೀಸ್ ಇಲಾಖೆ ಇದ್ದರೆ ಮೊದಲ ದಿನವೇ ಕೇಳಿ. ಅದು ತಪ್ಪಿತಸ್ಥ ಎಂಬ ತೀರ್ಮಾನದಿಂದಲ್ಲ, ಸಾಕ್ಷಿಗಳು ಹೆದರದೆ ಮಾತಾಡಲಿ ಅಂತ. ಹವಾಲಾ ಪ್ರಕರಣದಲ್ಲಿ ಎಲ್.ಕೆ. ಅಡ್ವಾಣಿ ಅವರು 1996ರಲ್ಲಿ ಲೋಕಸಭಾ ಸದಸ್ಯತ್ವ ಬಿಟ್ಟರು, ಆ ವರ್ಷದ ಚುನಾವಣೆಗೂ ನಿಲ್ಲಲಿಲ್ಲ. 1997ರಲ್ಲಿ ದೆಹಲಿ ಹೈಕೋರ್ಟ್ ಅವರನ್ನು ಆರೋಪಮುಕ್ತ ಮಾಡಿದ ಮೇಲೆ 1998ರಲ್ಲಿ ಗೆದ್ದು ಬಂದರು. ಹೊರಗಿದ್ದುದರಿಂದ ಅವರ ರಾಜಕೀಯ ಜೀವನ ಮುಗಿಯಲಿಲ್ಲ.

ಮುಂದಿನ ಸಲ ಯಾರದ್ದಾದರೂ ಕೇಸು ಸುದ್ದಿಯಾದಾಗ ಇ-ಕೋರ್ಟ್ಸ್ ವೆಬ್‌ಸೈಟಿಗೆ ಹೋಗಿ. ಆರೋಪಿಯ ಹೆಸರಿನಿಂದಲೋ, 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯಿಂದಲೋ ಹುಡುಕಬಹುದು. ಮುಂದಿನ ದಿನಾಂಕ, ಹಿಂದಿನ ದಿನಗಳಲ್ಲಿ ಏನಾಯಿತು, ಎಷ್ಟು ಸಲ ಮುಂದೂಡಿಕೆ ಆಯಿತು, ಎಲ್ಲವೂ ಅಲ್ಲಿರುತ್ತದೆ. ಅಭ್ಯರ್ಥಿಗಳು ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರ, ಅಂದರೆ ನಮೂನೆ 26, ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿದೆ. ಯಾವ ಕೇಸು, ಯಾವ ಕೋರ್ಟು, ಆರೋಪ ನಿಗದಿ ಆಗಿದೆಯಾ ಎಂಬುದನ್ನು ಅವರೇ ಬರೆದು ಸಹಿ ಹಾಕಿರುತ್ತಾರೆ. ಎರಡು ಚುನಾವಣೆಗಳ ಪ್ರಮಾಣಪತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲದ ಕೇಸುಗಳು ಸಿಗುತ್ತವೆ. ಅವುಗಳಲ್ಲಿ ಎಷ್ಟು ಖುಲಾಸೆಯಾದವು, ಎಷ್ಟು ಬಿ ರಿಪೋರ್ಟ್ ಆದವು, ಎಷ್ಟನ್ನು ಸರ್ಕಾರವೇ ವಾಪಸ್ ಪಡೆಯಿತು, ಆಗ ಯಾವ ಸರ್ಕಾರ ಇತ್ತು ಎಂದು ಹುಡುಕಿ. ಒಂದು ಭಾನುವಾರದಲ್ಲಿ ಆಗುವ ಕೆಲಸ ಇದು.